ಕಿಟಕಿಗೆ ಅಂಟಿಸಿದ ಮುಖ

ನನ್ನ ಅಣ್ಣ ಆಂಬ್ರೋಸ್ ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ ಬರೆಯುವವನು. ಲಂಡನ್ನಿನಲ್ಲಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಯಾವ ಪುಸ್ತಕದಂಗಡಿಯ ಗಾಜಿನ ಹಿಂದೆ ನೋಡಿದರೂ ಅವನ ರಾಜಕುಮಾರಿಯರೇ. ಅವರ ಸುತ್ತ ನವಿಲು, ದಾಳಿಂಬೆ, ಸೂರ್ಯಕಾಂತಿ, ನೀಲಿ ಹೂಜಿ, ಬಳ್ಳಿಯೊಳಗೆ ಇನ್ನೊಂದು ಬಳ್ಳಿ. ಹೆಬ್ಬೆಟ್ಟು ಊರುವಷ್ಟು ಜಾಗವನ್ನೂ ಅವನು ಖಾಲಿ ಬಿಡುತ್ತಿರಲಿಲ್ಲ. ಕಥೆಯಲ್ಲಿ ಅನಾಥ ಹುಡುಗಿ ಹಸಿವಿನಿಂದ ಸಾಯುತ್ತಿದ್ದರೂ ಅವಳ ಗುಡಿಸಲಿಗೆ ಹೂವಿನ ಪರದೆ ಇರಲೇಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾನು ಛೇಡಿಸುತ್ತಿದ್ದೆ.

"ಬಡತನಾನ ಯಾರೇ ಕೊಂಡ್ಕೊಳ್ತಾರೆ ಟ್ಯಾಬಿ? ಅದು ಬೀದೀಲಿ ಸುಮ್ನೆ ಸಿಗುತ್ತಲ್ಲ" ಎಂದು ಅವನು ನಗುತ್ತಿದ್ದ.

ಅವನು ಬರೆದದ್ದನ್ನು ಮರದಲ್ಲಿ ಕೊರೆಯುವುದು ನನ್ನ ಕೆಲಸ. ನಮ್ಮ ಚಿಕ್ಕಪ್ಪ ಕೇಲೆಬ್‌ನ ಕೆತ್ತನೆ ಅಂಗಡಿ ಫ್ಲೀಟ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿದೆ. ಅಲ್ಲಿ ಒಬ್ಬೊಬ್ಬರದು ಒಂದೊಂದು ಪಾಲು. ಒಬ್ಬ ಆಕಾಶ ಕೊರೆಯುತ್ತಾನೆ, ಒಬ್ಬ ಬಟ್ಟೆಯ ಮಡಿಕೆ, ಇನ್ನೊಬ್ಬ ಎಲೆ ಹೂವು. ಮುಖಗಳು ನನ್ನವು. ಚಿತ್ರಗಾರ ಬಿಳಿ ಸವರಿದ ಗಟ್ಟಿ ಹಲಗೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಾನೆ. ಮೊದಲು ಕಾಗದದ ಮೇಲೆ ಬರೆದು ನೋಡಿಕೊಳ್ಳುವುದು ಕೈ ನಡುಗುವವರ ಕೆಲಸ ಎಂಬುದು ಆಂಬ್ರೋಸನ ಜಂಭ. ನಾವು ಗೆರೆಯನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಕೊರೆದು ತೆಗೆಯುತ್ತೇವೆ. ಕೆಲಸ ಮುಗಿಯುವಷ್ಟರಲ್ಲಿ ಅವನ ಚಿತ್ರ ಪುಡಿಯಾಗಿ ನಮ್ಮ ಮಡಿಲಲ್ಲಿ ಬಿದ್ದಿರುತ್ತದೆ. ಮರದಲ್ಲಿ ಉಳಿಯುವುದು ನಮ್ಮ ಕೈ.

ಹಲಗೆಯಲ್ಲಿದ್ದದ್ದು ಅಚ್ಚಾದಾಗ ಎಡಬಲ ತಿರುಗುತ್ತದೆ. ಅದಕ್ಕೇ ಅಕ್ಷರಗಳನ್ನು ತಿರುಗಿಸಿ ಬರೆಯುತ್ತೇವೆ, ರಾಜನ ಕತ್ತಿಯನ್ನು ಎಡಗೈಗೆ ಕೊಡುತ್ತೇವೆ. ಉಳಿದದ್ದಕ್ಕೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನವಿಲಿಗೆ ಯಾವ ಎಡ, ಯಾವ ಬಲ? ರಾಜಕುಮಾರಿಯ ಮುಖಕ್ಕಾದರೂ ಯಾವ ಎಡ, ಯಾವ ಬಲ?

ಆ ರಾಜಕುಮಾರಿಯರಿಗೆಲ್ಲ ಮಾದರಿಯಾಗಿ ಕೂರುತ್ತಿದ್ದವಳು ಅಣ್ಣನ ಒಬ್ಬಳೇ ಮಗಳು ಎಫಿ. ಪರದೆಯ ಬಟ್ಟೆಯನ್ನು ಮೈಗೆ ಸುತ್ತಿಕೊಂಡು, ತಲೆಯ ಮೇಲೆ ಜೆಲ್ಲಿ ಮಾಡುವ ತಾಮ್ರದ ಅಚ್ಚನ್ನು ಕಿರೀಟವಾಗಿ ಇಟ್ಟುಕೊಂಡು ಕೂತಳೆಂದರೆ ರಾಣಿಯೂ ಅಷ್ಟು ಗತ್ತಿನಲ್ಲಿ ಕೂರಲಾರಳು. ಚೆಲುವೆ ಏನಲ್ಲ. ಮುಖದ ತುಂಬ ಕಂದು ಚುಕ್ಕೆ, ಅಗಲ ಮೂಗು, ಮುಂದಿನದೊಂದು ಹಲ್ಲು ಬಿದ್ದ ಸಂದು. ನಡೆಯಲು ಕಲಿಯುವಾಗ ಬೆಂಕಿಗೂಡಿನ ಕಬ್ಬಿಣದ ಅಂಚಿನ ಮೇಲೆ ಬಿದ್ದು ಒಂದು ಹುಬ್ಬು ಸೀಳಿಹೋಗಿತ್ತು. ಗಾಯ ಮಾಯ್ದ ಮೇಲೆ ಆ ಹುಬ್ಬು ಮೇಲಕ್ಕೇ ನಿಂತುಬಿಟ್ಟಿತು. ನಕ್ಕರೆ ಬಾಯಿಯೂ ಅದೇ ಕಡೆಗೆ ಎಳೆಯುತ್ತಿತ್ತು. ನೀವು ಏನೇ ಹೇಳಿ, 'ಹೌದಾ? ಸುಳ್ಳು ಹೇಳ್ತಿಲ್ಲ ತಾನೇ?' ಎನ್ನುವ ಹಾಗೆ ನಿಮ್ಮನ್ನು ನೋಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಾನು ಹೆತ್ತವಳಲ್ಲ, ಆದರೂ ಅವಳ ಮುಖ ನೋಡದೆ ನನ್ನ ಭಾನುವಾರ ಮುಗಿಯುತ್ತಿರಲಿಲ್ಲ.

ಆದರೆ ಅಂಥವಳನ್ನು ಎದುರಿಗೆ ಕೂರಿಸಿಕೊಂಡು ಅವಳಪ್ಪ ಬರೆಯುತ್ತಿದ್ದದ್ದು ಗೊಂಬೆಯನ್ನು. ಪ್ರಕಾಶಕರ ಕಡೆಯ ಗ್ಯಾರಡ್‌ಗೆ ಬೇಕಾದದ್ದು ಒಂದೇ ಒಂದು ಮುಖ. ದೊಡ್ಡ ಕಣ್ಣು, ಗುಂಡಿಯಷ್ಟು ಬಾಯಿ, ಮೂಗು ಇದ್ದರೂ ಇಲ್ಲದ ಹಾಗೆ. ಆಂಬ್ರೋಸನ ಕೈ ಅದಕ್ಕೆ ಎಷ್ಟು ಪಳಗಿತ್ತೆಂದರೆ ಮಗಳ ಕುತ್ತಿಗೆ, ಭುಜ, ಬೆರಳನ್ನೆಲ್ಲ ನೋಡಿ ಬರೆದು, ಮುಖಕ್ಕೆ ಬರುವಾಗ ತಲೆಯನ್ನೇ ಎತ್ತುತ್ತಿರಲಿಲ್ಲ.

"ಅಪ್ಪ, ಇವಳಿಗೆ ನನ್ನ ಮೂಗು ಯಾಕೆ ಕೊಟ್ಟಿಲ್ಲ?" ಎಂದು ಎಫಿ ಒಮ್ಮೆ ತಕರಾರು ತೆಗೆದಳು.

"ನಿನ್ನ ಮೂಗು ಅವಳಿಗೆ ಕೊಟ್ಬಿಟ್ರೆ ನೀನೇನಿಟ್ಕೊಳ್ತೀಯ ಮರಿ?"

"ನಂದು ದೊಡ್ಡದಿದೆಯಲ್ಲ. ಅರ್ಧ ಕೊಡು."

ಎಫಿಯದೊಂದು ಫೋಟೋ ತೆಗೆಸೋಣ ಎಂದು ಲೀಡಿಯಾ ಅತ್ತಿಗೆ ಎಷ್ಟೋ ಸಲ ಹೇಳಿದ್ದಳು. ಅಣ್ಣ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. "ಚಿತ್ರಗಾರನ ಮನೇಲಿ ಫೋಟೋನಾ? ಬೇಕರಿಯವನು ಪಕ್ಕದ ಬೀದೀಗೆ ಹೋಗಿ ಬ್ರೆಡ್ ತಂದ ಹಾಗಾಯ್ತು" ಎನ್ನುತ್ತಿದ್ದ. ನಾನೂ ಅವನ ಜೊತೆ ನಗುತ್ತಿದ್ದೆ. ಕೆತ್ತನೆಯವರಿಗೆ ಫೋಟೋದವರೆಂದರೆ ಹೊಟ್ಟೆಯ ಮೇಲೆ ಹೊಡೆಯಲು ಬಂದವರು. ನಮ್ಮ ಅಂಗಡಿಯಲ್ಲಿ ಆ ಹೆಸರನ್ನೂ ಎತ್ತುತ್ತಿರಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ, ಮಂಜು ಬಾಗಿಲಿಗೆ ಬಂದು ಕೂತಿದ್ದ ದಿನಗಳಲ್ಲಿ, ಎಫಿಗೆ ಗಂಟಲು ರೋಗ ಬಂತು. ಅಣ್ಣ ಆಗ ಕೊಕ್ಕರೆಗಳ ಅರಮನೆಯಲ್ಲಿ ನಿದ್ದೆಹೋದ ಹುಡುಗಿಯೊಬ್ಬಳ ಕಥೆಗೆ ಚಿತ್ರ ಬರೆಯುತ್ತಿದ್ದ. ಉಳಿದದ್ದು ಕೊನೆಯ ಚಿತ್ರವೊಂದೇ: ಹುಡುಗಿ ಕಣ್ಣು ಬಿಡುತ್ತಾಳೆ, ಕೊಕ್ಕರೆಗಳು ಹಾಸಿಗೆಯ ಸುತ್ತ ನಿಂತಿವೆ. ಅವನು ಕೊಕ್ಕರೆ, ಹಂಸತೂಲಿಕಾತಲ್ಪ, ತಾವರೆಯ ಮೇಲ್ಕಟ್ಟು ಎಲ್ಲ ಮುಗಿಸಿದ್ದ. ಮುಖದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಅದನ್ನು ಬರೆದ ಮಧ್ಯಾಹ್ನ ನಾನೂ ಎಫಿಯ ಹಾಸಿಗೆಯ ಬಳಿ ಇದ್ದೆ. ಅತ್ತಿಗೆ ಬಾರ್ಲಿ ನೀರನ್ನು ಚಮಚದಲ್ಲಿ ಹಿಡಿದು ಕೂತಿದ್ದಳು. ಮಗು ಬೇಡವೆಂದು ತಲೆಯಾಡಿಸಿ ಅಪ್ಪನನ್ನೇ ನೋಡುತ್ತಿತ್ತು. ಅಣ್ಣ ಹಲಗೆಯನ್ನು ಮಂಡಿಯ ಮೇಲಿಟ್ಟುಕೊಂಡ. ಏನಾದರೂ ಮಾಡುತ್ತಿರದಿದ್ದರೆ ಅವನಿಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ.

"ಬಾಯಿ ಮುಚ್ಚಬೇಕಾ ಅಪ್ಪ?" ದನಿ ಗೊರಗೊರ ಎನ್ನುತ್ತಿತ್ತು.

"ಬೇಡ ಮರಿ. ಹೇಗಿದ್ದೀಯೋ ಹಾಗೇ ಇರು."

ಅಂದು ಅವನ ಕೈಗೆ ಗೊಂಬೆ ಮರೆತುಹೋಗಿತ್ತು. ಒಂದೊಂದು ಗೆರೆಗೂ ತಲೆ ಎತ್ತಿ ಮಗಳನ್ನು ನೋಡಿದ, ಎಲ್ಲಿ ಹೋಗಿಬಿಡುತ್ತಾಳೋ ಎನ್ನುವ ಹಾಗೆ ನೋಡಿದ. ಚುಕ್ಕೆ ಬಂದವು, ಹಲ್ಲಿನ ಸಂದು ಬಂತು, ಸೀಳಿದ ಹುಬ್ಬು ಬಂತು. ಮುಗಿಸಿ ಹಲಗೆಯನ್ನು ಅವಳತ್ತ ತಿರುಗಿಸಿ ಹಿಡಿದ. ಎಫಿ ಬಹಳ ಹೊತ್ತು ನೋಡಿದಳು.

"ಈ ಸಲ ಪೂರ್ತಿ ಕೊಟ್ಟಿದ್ದೀಯ, ಮೂಗು" ಎಂದಳು.

ಹಲಗೆ ಆಗಲೇ ತಡವಾಗಿತ್ತು. ಮಾರನೆಯ ಬೆಳಗ್ಗೆ ಅಭ್ಯಾಸಬಲದಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಕಳಿಸಿದ. ಆ ವಾರ ಕಳೆಯುವ ಮೊದಲೇ ಎಫಿ ಹೋದಳು. ಅಂಟುರೋಗದ ಮನೆಯೆಂದು ಬೇಗ ಬೇಗ ಮಣ್ಣು ಮಾಡಿಸಿದರು. ಅತ್ತಿಗೆ ಅಂಗಲಾಚಿದರೂ ಫೋಟೋದವನು ಹೊಸಿಲು ದಾಟಲಿಲ್ಲ. ಸಾವಿನ ಮನೆಯ ಪದ್ಧತಿಯಂತೆ ಕನ್ನಡಿಗೆ ಕಪ್ಪು ಬಟ್ಟೆ ಹೊದಿಸಿದೆವು. ನನ್ನ ಅಣ್ಣ ಕಾಗದ, ಪೆನ್ಸಿಲು ತೆಗೆದುಕೊಂಡು ಮಗಳ ಮುಖ ಬರೆಯಲು ಕೂತ.

ಬಂದದ್ದು ಗೊಂಬೆ. ಹರಿದು ಹಾಕಿದ, ಮತ್ತೆ ಬರೆದ, ಮತ್ತೆ ಅದೇ ದೊಡ್ಡ ಕಣ್ಣು, ಅದೇ ಗುಂಡಿಯಂಥ ಬಾಯಿ. ಹುಬ್ಬನ್ನು ಬೇಕೆಂದೇ ಸೊಟ್ಟಗೆ ಬರೆದ. ಹುಬ್ಬು ಸೊಟ್ಟಗಿದ್ದ ಗೊಂಬೆ ಬಂತು. ಕೊನೆಗೆ ಪೆನ್ಸಿಲನ್ನು ಬೆಂಕಿಗೆ ಎಸೆದು ನನ್ನ ಕಡೆ ತಿರುಗಿದ.

"ನೂರು ಪುಸ್ತಕದಲ್ಲಿ ನನ್ನ ಮಗಳನ್ನ ಕೂರಿಸಿದೀನಿ ಟ್ಯಾಬಿ. ಒಂದರಲ್ಲೂ ಅವಳಿಲ್ಲ" ಎಂದ. ಅವನು ಹಾಗೆ ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೀಗೆ ಎಫಿಯ ಮುಖವೆಂದು ಈ ಲೋಕದಲ್ಲಿ ಉಳಿದದ್ದು ನನ್ನ ಮೇಜಿನ ಮೇಲೆ ಕೊರೆಯಲು ಕಾದಿದ್ದ ಆ ಹಲಗೆಯೊಂದೇ. ಅಂತ್ಯಸಂಸ್ಕಾರದ ಮರುದಿನವೇ ಅತ್ತಿಗೆ ಅಂಗಡಿಗೆ ಬಂದಳು. ಮಂಜಿನಲ್ಲಿ ನಡೆದು ಬಂದು ಕಪ್ಪು ಬಟ್ಟೆಯೆಲ್ಲ ಒದ್ದೆಯಾಗಿತ್ತು. ಉಳಿ ಹಿಡಿದ ನಮ್ಮ ಕೈಗಳೆಲ್ಲ ನಿಂತವು.

"ಅದನ್ನ ಕೊರೀಬೇಡ ಟ್ಯಾಬಿ. ನನಗೆ ಕೊಡು."

"ಅದು ನಮ್ಮದಲ್ಲ ಅತ್ತಿಗೆ, ಪ್ರಕಾಶಕರದು."

"ನಿಮ್ಮದಲ್ಲ, ಸರಿ. ನನ್ನ ಮಗಳಲ್ವಾ ಅದು?"

ಚಿಕ್ಕಪ್ಪ ಎದ್ದು ಬಂದು ಅವಳಿಗೆ ತನ್ನ ಸ್ಟೂಲು ಕೊಟ್ಟ. ಅವನು ಒಳ್ಳೆಯ ಮನುಷ್ಯ. ಕೊನೆಗೆ ಎಲ್ಲ ಕೆಟ್ಟದ್ದು ಅವನ ಒಳ್ಳೆಯತನದಿಂದಲೇ. "ನೋಡಮ್ಮ ಲೀಡಿಯಾ, ಹಲಗೆ ಮೇಲಿನ ಪೆನ್ಸಿಲು ಎಷ್ಟು ದಿನ ಇರುತ್ತೆ? ನೀನು ಎರಡು ಸಲ ಮುಟ್ಟಿದ್ರೆ ಮೂರನೇ ಸಲಕ್ಕೆ ಬರೀ ಮಸಿ. ಟ್ಯಾಬಿ ಕೊರೀಲಿ. ಕೂದಲೆಳೆಯಷ್ಟೂ ತಪ್ಪದ ಕೈ ಅದು. ಆಮೇಲೆ ಊರೂರಲ್ಲೂ ನಿನ್ನ ಮಗಳಿರ್ತಾಳೆ. ನಿನಗೆ ಮೊದಲನೇ ಪ್ರತಿ" ಎಂದ.

ಅತ್ತಿಗೆ ನನ್ನನ್ನು ನೋಡಿದಳು. "ಇದ್ದ ಹಾಗೇ ಬರ್ತಾಳಾ?"

"ಇದ್ದ ಹಾಗೇ" ಎಂದೆ. ಅಂಗಡಿಯಲ್ಲಿ ಅಷ್ಟು ಜನ ಹಳಬರಿದ್ದರು, ಹುಟ್ಟಿದಾಗಿನಿಂದ ಮರದ ಪುಡಿ ಉಸಿರಾಡಿದವರು. ಒಬ್ಬರಾದರೂ ಇಲ್ಲ ಎನ್ನಲಿಲ್ಲ. ನಮಗೆ ಯಾರಿಗೂ ಅದು ಹೊಳೆಯಲೇ ಇಲ್ಲ.

ಆ ಮುಖಕ್ಕೆ ನಾನು ಕೊಟ್ಟಷ್ಟು ಕಣ್ಣನ್ನು ಇನ್ನಾವುದಕ್ಕೂ ಕೊಟ್ಟಿಲ್ಲ. ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಹಲಗೆಯನ್ನಿಟ್ಟು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಒಂದೊಂದು ಚುಕ್ಕೆಯ ಸುತ್ತಲೂ ಉಸಿರು ಹಿಡಿದು ಕೊರೆದೆ. ನಮ್ಮಲ್ಲಿ ಉಳಿ ನಿಂತಲ್ಲೇ ನಿಲ್ಲುತ್ತದೆ, ತಿರುಗುವುದು ಹಲಗೆ. ಎಫಿ ನನ್ನ ಕೈಯಡಿ ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಲಾಗಿ, ಒಮ್ಮೆ ತಲೆಕೆಳಗಾಗಿ ತಿರುಗುತ್ತಿದ್ದಳು. ಪೆನ್ಸಿಲಿನ ಬೂದು ಬಣ್ಣ ಪುಡಿಯಾಗಿ ಮಡಿಲಿಗೆ ಉದುರುತ್ತಿತ್ತು. ಸಂಜೆ ಎದ್ದಾಗ ಆ ಪುಡಿಯನ್ನು ಕೊಡವಲು ಮನಸ್ಸು ಬರುತ್ತಿರಲಿಲ್ಲ. ಆದರೂ ಕೊಡವುತ್ತಿದ್ದೆ.

ಮುಗಿದ ಮೇಲೆ ತೆಳು ಕಾಗದದ ಮೇಲೆ ಎರಡು ಪ್ರೂಫ್ ತೆಗೆದೆ. ಒಂದು ಗ್ಯಾರಡ್‌ಗೆ, ಒಂದು ಅತ್ತಿಗೆಗೆ. ಇನ್ನಷ್ಟು ಏಕೆ ಬೇಕು? ಇಡೀ ಪುಸ್ತಕವೇ ಬರಲಿದೆಯಲ್ಲ. ಶಾಯಿ ಒಣಗುವುದನ್ನೂ ಪೂರ್ತಿ ಕಾಯದೆ ಅಣ್ಣನ ಮನೆಗೆ ಓಡಿದೆ. ಒಂದು ಗೆರೆಯೂ ತಪ್ಪಿಲ್ಲ ಎಂದು ನನಗೆ ಗೊತ್ತಿತ್ತು, ತಪ್ಪಿರಲೂ ಇಲ್ಲ.

ಅತ್ತಿಗೆ ಕೈ ಒರೆಸಿಕೊಂಡು ಕಾಗದವನ್ನು ತೆಗೆದುಕೊಂಡಳು. ನೋಡಿದಳು. ಅವಳ ಮುಖ ಅರಳಲು ಹೋಗಿ ಅಲ್ಲೇ ನಿಂತಿತು.

"ಇವಳು ಯಾರು?"

"ಅತ್ತಿಗೆ!"

"ಎಫಿ ಥರ ಇದಾಳೆ. ಅವಳಕ್ಕನೋ ತಂಗಿನೋ ಇದ್ದಿದ್ರೆ ಹೀಗಿರ್ತಿದ್ಲೇನೋ. ಇವಳು ನನ್ನ ಮಗಳಲ್ಲ ಟ್ಯಾಬಿ. ಏನೋ ಮಾಡಿದೀಯ."

ಆಗ ನನಗೆ ಹೊಳೆಯಿತು. ಹುಬ್ಬು ಇನ್ನೊಂದು ಕಡೆ ಎದ್ದಿತ್ತು. ಬಾಯಿ ಇನ್ನೊಂದು ಕಡೆ ಎಳೆದಿತ್ತು. ಹಲ್ಲಿನ ಸಂದೂ ಪಕ್ಕ ಬದಲಿಸಿತ್ತು. ಹಾಸಿಗೆಯ ಪಕ್ಕ ಕೂತು ಅಣ್ಣ ಕಂಡದ್ದನ್ನು ಕಂಡಂತೆ ಬರೆದಿದ್ದ, ನಾನು ಬರೆದದ್ದನ್ನು ಬರೆದಂತೆ ಕೊರೆದಿದ್ದೆ, ಅಚ್ಚು ತನ್ನ ಕೆಲಸ ಮಾಡಿತ್ತು. ಗೊಂಬೆ ಮುಖಕ್ಕೆ ಎಡಬಲವಿಲ್ಲ. ಎಫಿಗೆ ಇತ್ತು. ಉಲ್ಟಾ ಲೋಕದಲ್ಲೇ ಬಾಳಿದ ನಾವು ಆ ಸಣ್ಣ ವಿಷಯವನ್ನು ಮರೆತಿದ್ದೆವು. ನನಗೆ ಕಾಗದದಲ್ಲಿ ಎಫಿಯೇ ಕಾಣುತ್ತಿದ್ದಳು. ತಾಯಿಗೆ ಕಾಣುತ್ತಿರಲಿಲ್ಲ.

"ಕನ್ನಡೀಲಿ ನೋಡು ಅತ್ತಿಗೆ, ಸರಿಯಾಗಿ ಕಾಣ್ತಾಳೆ" ಎಂದು ಕಪ್ಪು ಬಟ್ಟೆಗೆ ಕೈ ಹಾಕಿದೆ.

ಅವಳು ನನ್ನ ಕೈಯನ್ನು ಹೊಡೆದೇ ತೆಗೆದಳು. "ಮುಟ್ಟಬೇಡ! ಸತ್ತ ಮನೆ ಕನ್ನಡಿ ತೆಗೆದ್ರೆ ಮೊದಲು ನೋಡಿದವರನ್ನ ಕರ್ಕೊಂಡು ಹೋಗುತ್ತಂತೆ. ನಾನು ಹೋದ್ರೆ ಪರವಾಗಿಲ್ಲ. ಆಂಬ್ರೋಸ್ ನೋಡಿಬಿಟ್ರೆ?"

ಕಾಗದ ತೆಳುವಿತ್ತು. ನಾನು ಅದನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹಿಂಬದಿಯಿಂದ ಮುಖ ಮಸುಕಾಗಿ, ನೆಟ್ಟಗೆ ಮೂಡಿತು. ಅತ್ತಿಗೆ ಒಂದು ಸದ್ದು ಮಾಡಿದಳು, ಅಷ್ಟೇ. ಗಂಜಿ ತಂದು ನಾಲ್ಕು ಮೂಲೆಗೆ ಹಚ್ಚಿ, ಅಚ್ಚಿನ ಬದಿ ಬೀದಿಗೆ, ಹಿಂಬದಿ ಒಳಗೆ ಬರುವಂತೆ ಗಾಜಿಗೆ ಅಂಟಿಸಿದಳು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ನಾನು ಹೊರಟದ್ದು ಅವಳಿಗೆ ತಿಳಿಯಲಿಲ್ಲ.

ಅಂಗಡಿಗೆ ಮರಳಿದಾಗ ಹಲಗೆ ಚಿಕ್ಕಪ್ಪನ ಮೇಜಿನ ಮೇಲಿತ್ತು. ಮುಖದ ಜಾಗದಲ್ಲಿ ದುಂಡಗೆ ಒಂದು ತೂತು, ಅದರೊಳಗೆ ಹೊಸ ಮರದ ಬೆಣೆ. ಕೊರೆದದ್ದು ಕೆಟ್ಟರೆ ನಾವು ಮಾಡುವುದೇ ಹೀಗೆ. ಆ ಜಾಗವನ್ನು ಕೊರೆದೆಸೆದು, ಬೆಣೆ ಬಡಿದು, ಉಜ್ಜಿ, ಮತ್ತೆ ಕೆತ್ತುತ್ತೇವೆ.

"ಗ್ಯಾರಡ್ ಬಂದಿದ್ದ" ಎಂದ ಚಿಕ್ಕಪ್ಪ, ನನ್ನ ಕಡೆ ನೋಡದೆ. "ಈ ಮಗು ಕಾಯಿಲೆ ಬಿದ್ದ ಹಾಗಿದೆ, ಕ್ರಿಸ್‌ಮಸ್ ದಿನ ಯಾರು ಇದನ್ನ ನೋಡ್ತಾರೆ, ಎಂದಿನ ಮುಖ ಹಾಕಿ ಅಂದ. ಪ್ರೂಫಿನ ಮೇಲೆ ಅಡ್ಡಗೆರೆ ಎಳೆದ. ನಿನಗೆ ಕಷ್ಟ ಆಗಬಾರದು ಅಂತ ತೂತು ನಾನೇ ಹೊಡೆದೆ ಮಗಳೇ. ಆ ಪ್ರೂಫನ್ನೂ ಒಲೆಗೆ ಹಾಕ್ದೆ, ನಿನ್ನ ಕಣ್ಣಿಗೆ ಬೀಳೋದು ಬೇಡ ಅಂತ."

ಸಾಯಂಕಾಲದೊಳಗೆ ಆ ಬೆಣೆಯ ಮೇಲೆ ನಾನೇ ಗೊಂಬೆಯನ್ನು ಕೊರೆದೆ. ಅದಕ್ಕೆ ಚಿತ್ರ ಕೂಡ ಬೇಕಿರಲಿಲ್ಲ.

ಪುಸ್ತಕ ಬಂತು, ಚೆನ್ನಾಗಿ ಓಡಿತು. ಹಾಸಿಗೆಯ ಮೇಲೆ ಗೊಂಬೆ ಕಣ್ಣು ಬಿಟ್ಟಿತು, ಸುತ್ತ ಕೊಕ್ಕರೆ, ತಾವರೆ, ಚಿನ್ನದ ಬಣ್ಣ. ಅಣ್ಣ ಮನೆಗೆ ತಂದ ಪ್ರತಿಯನ್ನು ಅತ್ತಿಗೆ ತೆರೆದೇ ನೋಡಲಿಲ್ಲ. ಬೆಳಕಿರುವಷ್ಟು ಹೊತ್ತು ಅವಳು ಕಿಟಕಿಯೆದುರು. ಮಂಜು ದಟ್ಟವಾದ ದಿನ ಮಗು ಕಾಣುತ್ತಿರಲಿಲ್ಲ, ಆದರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕಲ್ಲಿದ್ದಲು ತರಲು, ಹಾಲು ತರಲು ಹೊರಗೆ ಹೋಗಲೇಬೇಕಲ್ಲ. ಹೋದಾಗ ಬೀದಿಯಿಂದ ಆ ಇನ್ನೊಬ್ಬಳು ಕಾಣುತ್ತಿದ್ದಳು, ಎಡಬಲ ತಿರುಗಿದವಳು. ತಲೆ ತಗ್ಗಿಸಿ ಬರುತ್ತೇನೆ ಎಂದು ಅತ್ತಿಗೆ ಹೇಳುತ್ತಿದ್ದಳು. ಯಾವ ತಾಯಿಗೆ ತಲೆ ತಗ್ಗಿಸಿ ಬರಲಾದೀತು?

ಆ ಚಳಿಗಾಲ ಗಾಜಿನ ಒಳಮೈ ದಿನವೂ ಬೆವರುತ್ತಿತ್ತು. ಹೊರಗಿನಿಂದ ಮಸಿ. ಬೇರೆ ಕಡೆಗೆ ತೆಗೆದಿಡು, ಚೌಕಟ್ಟು ಹಾಕಿಸೋಣ ಎಂದು ನಾನು ಗೋಗರೆದೆ. ಚೌಕಟ್ಟಿನೊಳಗೆ ಅವಳು ಉಲ್ಟಾ ಆಗುತ್ತಾಳೆ, ಬೇಡ ಎಂದಳು. ಕಾಗದ ಮೊದಲು ಹಳದಿಯಾಯಿತು, ಆಮೇಲೆ ಮೂಲೆಯಿಂದ ಕಪ್ಪಗಾಗುತ್ತ ಬಂತು. ಮಾರ್ಚಿನಲ್ಲಿ ಒಂದು ಬೆಳಗ್ಗೆ ಒದ್ದೆ ಕಾಗದ ಮಧ್ಯದಲ್ಲಿ ಜೋಲಿತು. ಅದನ್ನು ಉಳಿಸಲು ಅತ್ತಿಗೆ ಉಗುರು ಹಾಕಿದಳು. ಅರ್ಧ ಗಾಜಿಗೆ ಅಂಟಿಕೊಂಡಿತು, ಅರ್ಧ ಬೆರಳಿನಲ್ಲಿ ಮುದ್ದೆಯಾಗಿ ಬಂತು.

ನಾನು ಹೋದಾಗ ಅವಳು ಆ ಮುದ್ದೆಯನ್ನು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಯಾವ ಹುಬ್ಬು ಟ್ಯಾಬಿ?"

"ಏನು ಅತ್ತಿಗೆ?"

"ಎಫೀದು. ಮೇಲೆದ್ದಿದ್ದು ಯಾವ ಹುಬ್ಬು? ಎಡಾನಾ, ಬಲಾನಾ? ಬೆಳಗ್ಗೆಯಿಂದ ನೆನಪು ಮಾಡ್ಕೋತಿದೀನಿ. ಒಳಗಿನವಳೂ ಬರ್ತಾಳೆ, ಹೊರಗಿನವಳೂ ಬರ್ತಾಳೆ. ಇಬ್ಬರೂ ನನ್ನನ್ನೇ ನೋಡ್ತಾರೆ."

ನಾನು ಬೆರಳೆತ್ತಿದೆ. ನನ್ನ ಕೈಗೆ ಆ ಹುಬ್ಬಿನ ಒಂದೊಂದು ಕೂದಲೂ ಗೊತ್ತು. ಆದರೆ ಹಲಗೆ ದಿಂಬಿನ ಮೇಲೆ ತಿರುಗುತ್ತಿತ್ತು, ಎಫಿ ತಲೆಕೆಳಗಾಗಿದ್ದಳು, ಹಲಗೆಯ ಬಲ ಕಾಗದದ ಎಡ. ಬೆರಳು ಗಾಳಿಯಲ್ಲಿ ಉಳಿಯಿತು. ಅಣ್ಣನನ್ನು ಕರೆದೆ. ಬಾಗಿಲಲ್ಲಿ ನಿಂತು ಎಡ ಎಂದ, ಆಮೇಲೆ ತನ್ನ ಮುಖವನ್ನೇ ಮುಟ್ಟಿ ನೋಡಿಕೊಂಡು ಬಲ ಇರಬೇಕು ಎಂದ, ಆಮೇಲೆ ಅಲ್ಲಿಂದ ಹೋಗಿಬಿಟ್ಟ. ಬಾಡಿಗೆ ಮನೆಯ ಒಡತಿಯನ್ನು ಕೇಳಿದರೆ ಬಲ ಎಂದು ಆಣೆ ಇಟ್ಟಳು. ಎಫಿಗೆ ಚರ್ಚಿನ ಭಾನುವಾರದ ಶಾಲೆಯಲ್ಲಿ ಕಲಿಸಿದ ಟೀಚರು ಎಡ ಎಂದು ಆಣೆ ಇಟ್ಟರು.

"ಮೇಲೆ ಹೋದಾಗ ಅಷ್ಟು ಮಕ್ಕಳ ನಡುವೆ ಅವಳನ್ನ ಹೇಗೆ ಹುಡುಕ್ಲಿ?" ಎಂದಳು ಅತ್ತಿಗೆ.

"ನೀನು ಹುಡುಕೋದೇ ಬೇಡ. ಅವಳೇ ಓಡಿ ಬರ್ತಾಳೆ."

ಅವಳು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಮೇಜಿನ ಮೇಲೆ ಕೊಕ್ಕರೆಗಳ ಪುಸ್ತಕ ಬಿದ್ದಿತ್ತು. ಅದನ್ನು ಕಣ್ಣಲ್ಲೇ ತೋರಿಸಿ ಮೆಲ್ಲಗೆ ಕೇಳಿದಳು, "ದೇವರೂ ಗ್ಯಾರಡ್ ಥರಾನೇ ಇದ್ರೆ ಟ್ಯಾಬಿ? ಅಲ್ಲೂ ಎಲ್ಲ ಮಕ್ಕಳಿಗೂ ಅದೇ ಮುಖ ಕೊಟ್ಬಿಟ್ಟಿದ್ರೆ?"

ದೇವರನ್ನು ಹಾಗನ್ನಬಾರದು ಎನ್ನಬೇಕಿತ್ತು. ಅವಳ ಮಡಿಲಿನಿಂದ ತಟ್ಟೆ ತೆಗೆದುಕೊಂಡು, ಎಲ್ಲಿಡುವುದೆಂದು ತಿಳಿಯದೆ, ಮತ್ತೆ ಅವಳ ಕೈಗೇ ಕೊಟ್ಟೆ.

ಮುಂದಿನ ಕ್ರಿಸ್‌ಮಸ್ಸಿನ ಪುಸ್ತಕದಲ್ಲಿ ಪುಟದ ತುಂಬ ದೇವಲೋಕದ ಮಕ್ಕಳಿದ್ದರು. ಚಿತ್ರ ಆಂಬ್ರೋಸನದು. ರೆಕ್ಕೆಗಳನ್ನು ಎಲೆ ಹೂವು ಕೊರೆಯುವವನಿಗೆ ಕೊಟ್ಟರು, ಮುಖಗಳು ಎಂದಿನಂತೆ ನನಗೆ ಬಂದವು.